ಅಶ್ವಹೃದಯ: ಬೆದರುವ ಕುದುರೆಯನ್ನು ಒಲಿಸಿಕೊಂಡವರ ಚರಿತ್ರೆ

ರಾಜಬೀದಿಗಳಲ್ಲಿಯೂ ಉದ್ಯಾನಗಳಲ್ಲಿಯೂ ನಿಲ್ಲಿಸಿರುವ ಅಶ್ವಾರೂಢ ಪ್ರತಿಮೆಗಳನ್ನು ನಾವೆಲ್ಲರೂ ನೋಡಿದ್ದೇವೆ. ಮೇಲೆ ಕುಳಿತ ವೀರನು ಯಾರು, ಅವನು ಯಾವ ಕಾಳಗದಲ್ಲಿ ಗೆದ್ದನು, ಪ್ರತಿಮೆಯನ್ನು ಯಾರು ಯಾವ ವರ್ಷ ನಿಲ್ಲಿಸಿದರು, ಎಂಬುದೆಲ್ಲ ಪೀಠದ ಮೇಲೆ ಕೆತ್ತಿರುತ್ತದೆ. ಆದರೆ ಆ ಕುದುರೆಯ ಮೈಯನ್ನು ಮೊತ್ತಮೊದಲು ಮುಟ್ಟಿದವನು ಯಾರು, ಅದರ ಬೆದರಿಕೆಯನ್ನು ಬಿಡಿಸಿ ಮನುಷ್ಯನ ಮಗ್ಗುಲಲ್ಲಿ ನಿಲ್ಲುವುದನ್ನು ಅದಕ್ಕೆ ಕಲಿಸಿದವನು ಯಾರು, ಎಂಬುದು ಎಲ್ಲಿಯೂ ಕೆತ್ತಿರುವುದಿಲ್ಲ. ಅವನ ಕೆಲಸ ನಡೆಯದೆ ಹೋಗಿದ್ದರೆ ಮೇಲೆ ಕುಳಿತವನ ಕೆಲಸವೂ ನಡೆಯುತ್ತಿರಲಿಲ್ಲ. ಚರಿತ್ರೆಯು ಜೀನಿನ ಮೇಲೆ ಆರಂಭವಾಗುವುದೆಂದು ನಾವು ತಿಳಿದಿರುವೆವು. ನಿಜವಾಗಿ ಅದು ನೆಲದ ಮೇಲೆ ಆರಂಭವಾಗುತ್ತದೆ. ಮೇಲೇರುವುದಕ್ಕೆ ಮುಂಚೆ ನೆಲದ ಮೇಲೆಯೇ ನಿಂತು, ಹಗ್ಗ ಹಿಡಿದು, ಬೆದರುವ ಕುದುರೆಯ ನಂಬಿಕೆಯನ್ನು ಸಂಪಾದಿಸಿಕೊಳ್ಳುವ ಈ ವಿದ್ಯೆಗೂ ಒಂದು ಚರಿತ್ರೆಯಿದೆ. ಅದು ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಚರಿತ್ರೆ. ಅದನ್ನು ಈ ಹೊತ್ತು ಸಂಗ್ರಹವಾಗಿ ಪರಿಶೀಲಿಸೋಣ.

ಮೊದಲು ಕುದುರೆಯ ಸ್ವಭಾವವನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ. ಕುದುರೆಯು ಹುಲ್ಲು ಮೇಯುವ ಪ್ರಾಣಿ, ಕೊಂಬಿಲ್ಲ, ಕೋರೆಯಿಲ್ಲ. ಬಯಲಿನಲ್ಲಿ ತೋಳಗಳ ನಡುವೆ ಬದುಕಿ ಬಂದ ಅದಕ್ಕೆ ಓಟವೊಂದೇ ರಕ್ಷೆ. ನೆಲದ ಮೇಲಿನ ಪ್ರಾಣಿಗಳಲ್ಲಿ ಅತಿ ದೊಡ್ಡ ಕಣ್ಣುಗಳುಳ್ಳವುಗಳಲ್ಲಿ ಕುದುರೆಯೂ ಒಂದು. ಆ ಕಣ್ಣುಗಳು ತಲೆಯ ಎರಡು ಮಗ್ಗುಲುಗಳಲ್ಲಿ ಇರುವುದರಿಂದ ಅದಕ್ಕೆ ಸುತ್ತಲಿನದೆಲ್ಲ ಬಹುಮಟ್ಟಿಗೆ ಕಾಣಿಸುತ್ತದೆ. ನೇರವಾಗಿ ಬೆನ್ನ ಹಿಂದೆ ಇರುವುದೂ ಹಣೆಯ ಮುಂದೆ ತೀರ ಹತ್ತಿರದಲ್ಲಿ ಇರುವುದೂ ಮಾತ್ರ ಕಾಣಿಸುವುದಿಲ್ಲ. ಕಿವಿಗಳು ಒಂದೊಂದೂ ಬೇರೆಬೇರೆಯಾಗಿ ತಿರುಗುತ್ತವೆ. ಹೀಗೆ ಇಡೀ ದೇಹವೇ ಅಪಾಯವನ್ನು ಕಾಯುವ ಒಂದು ಪಹರೆಯಂತಿದೆ. ಗಾಳಿಗೆ ಹಾರಿದ ಬಟ್ಟೆಯ ಚೂರನ್ನು ಕಂಡು ಕುದುರೆಯು ಸಿಡಿದರೆ ನಾವು ಅದನ್ನು ಹೇಡಿಯೆಂದೋ ಹುಚ್ಚೆಂದೋ ಕರೆಯುತ್ತೇವೆ. ಹಾಗೆ ಸಿಡಿಯದಿದ್ದ ಕುದುರೆಗಳ ಸಂತಾನ ಉಳಿಯಲಿಲ್ಲವೆಂಬುದನ್ನು ಮರೆಯುತ್ತೇವೆ.

ಇಂಥ ಪ್ರಾಣಿಯು ಮನುಷ್ಯನನ್ನು ಬೆನ್ನ ಮೇಲೆ ಹೊರಲು ಒಪ್ಪಿದ್ದು ಒಂದು ಆಶ್ಚರ್ಯ. ಇಂದಿನ ಸಾಕು ಕುದುರೆಗಳ ಪೂರ್ವಿಕರು ವೋಲ್ಗಾ ಮತ್ತು ಡಾನ್ ನದಿಗಳ ಹುಲ್ಲುಗಾವಲಿನವರೆಂದೂ, ಸುಮಾರು ಕ್ರಿ. ಪೂ. 2000ಕ್ಕೆ ಹಿಂದುಮುಂದಾಗಿ ಅಲ್ಲಿಂದ ಬಲು ಬೇಗ ಎಲ್ಲೆಡೆಗೂ ಹರಡಿದರೆಂದೂ 2021ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಆ ಸಂಶೋಧಕರಿಗೆ ಎರಡು ಬದಲಾವಣೆಗಳು ವಿಶೇಷವಾಗಿ ಕಂಡುಬಂದವು. ಒಂದು ಬೆನ್ನಿನ ಬಲಕ್ಕೆ ಸಂಬಂಧಪಟ್ಟದ್ದು. ಇನ್ನೊಂದು ಭಯದ ಪ್ರಮಾಣಕ್ಕೆ ಸಂಬಂಧಪಟ್ಟದ್ದೆಂದು ಅವರ ಊಹೆ. ಹೊರಬಲ್ಲ ಬೆನ್ನನ್ನೂ ತಾಳಬಲ್ಲ ಮನಸ್ಸನ್ನೂ ನಮ್ಮ ಹಿರಿಯರು ತಲೆಮಾರು ತಲೆಮಾರಾಗಿ ಆರಿಸಿಕೊಂಡು ಬಂದರೆಂದು ಇದರ ಅರ್ಥ. ಆದರೂ ಭಯವು ಕುದುರೆಯನ್ನು ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ಹುಟ್ಟಿದ ಪ್ರತಿಯೊಂದು ಮರಿಯೂ ಅದನ್ನು ಜೊತೆಯಲ್ಲಿ ತರುತ್ತದೆ. ಪ್ರತಿಯೊಂದು ಮರಿಗೂ ಪಾಠವನ್ನು ಮೊದಲಿನಿಂದಲೇ ಹೇಳಬೇಕು.

ಆ ಪಾಠವನ್ನು ಕುರಿತು ಪೂರ್ಣವಾಗಿ ನಮಗೆ ದೊರೆತಿರುವ ಅತಿ ಹಳೆಯ ಗ್ರಂಥ ಗ್ರೀಸ್ ದೇಶದ್ದು. ಅಥೆನ್ಸ್ ನಗರದ ಕ್ಸೆನೊಫೊನ್ ಎಂಬಾತನು ಸಾಕ್ರೆಟೀಸನ ಶಿಷ್ಯ. ಕ್ರಿ. ಪೂ. 401ರಲ್ಲಿ ಪಾರಸಿಕ ರಾಜಕುಮಾರನೊಬ್ಬನ ಪಕ್ಷದಲ್ಲಿ ಕಾದಲು ಹೋದ ಹತ್ತು ಸಾವಿರ ಗ್ರೀಕರಲ್ಲಿ ಅವನೂ ಒಬ್ಬ. ಆ ರಾಜಕುಮಾರನು ಸತ್ತ ಮೇಲೆ ಆ ಸೇನೆಯನ್ನು ಶತ್ರುದೇಶದ ನಡುವಿನಿಂದ ಹಿಂದಕ್ಕೆ ಕರೆತಂದ ನಾಯಕರಲ್ಲಿಯೂ ಅವನು ಸೇರಿದವನು. ಹೀಗೆ ಭಯವೆಂದರೆ ಏನೆಂಬುದನ್ನು ಕಣ್ಣಾರೆ ಕಂಡವನು ಅವನು. ವಯಸ್ಸಾದ ಮೇಲೆ ಅವನು ಅಶ್ವಾರೋಹಣವನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಬರೆದನು. ತನಗಿಂತ ಹಿಂದೆ ಸೈಮನ್ ಎಂಬ ಬಲ್ಲವನು ಈ ವಿಷಯವನ್ನು ಬರೆದಿದ್ದನೆಂದೂ, ಅವನು ಅಥೆನ್ಸಿನ ದೇಗುಲವೊಂದರ ಬಳಿ ಕಂಚಿನ ಕುದುರೆಯೊಂದನ್ನು ನಿಲ್ಲಿಸಿದ್ದನೆಂದೂ ಕ್ಸೆನೊಫೊನನೇ ಗೌರವದಿಂದ ಹೇಳಿದ್ದಾನೆ.

ಕ್ಸೆನೊಫೊನನ ಕಾಲದಲ್ಲಿ ರಿಕಾಪು ಇರಲಿಲ್ಲ; ಈಗಿನಂಥ ಜೀನೂ ಇರಲಿಲ್ಲ. ಸವಾರನು ಬರಿಬೆನ್ನಿನ ಮೇಲೆಯೋ ಬಟ್ಟೆ ಹಾಸಿಯೋ ಕುಳಿತುಕೊಳ್ಳುತ್ತಿದ್ದನು. ಕುದುರೆಯು ಒಂದು ಸಲ ಪಕ್ಕಕ್ಕೆ ಸಿಡಿದರೆ ಸವಾರನು ನೆಲಕ್ಕೆ ಬೀಳುವುದೇ ಸರಿ. ಆದುದರಿಂದ ಕುದುರೆಯ ಮನಸ್ಸು ಅವನಿಗೆ ಕೇವಲ ವಿನೋದದ ವಿಷಯವಾಗಿರಲಿಲ್ಲ, ಪ್ರಾಣದ ವಿಷಯವಾಗಿತ್ತು.

ಅವನ ಉಪದೇಶದ ಸಾರವಿದು. ಹುಡುಗನನ್ನು ಕಸುಬು ಕಲಿಯಲು ಒಪ್ಪಿಸುವಾಗ ಹೇಗೋ ಹಾಗೆಯೇ ಮರಿಯನ್ನು ತರಬೇತಿಗಾರನಿಗೆ ಒಪ್ಪಿಸುವಾಗಲೂ ಅದು ಏನೇನು ಕಲಿತು ಬರಬೇಕೆಂಬ ಕರಾರನ್ನು ಬರೆಯಿಸಿಕೊಳ್ಳಬೇಕು. ಆದರೆ ಅದಕ್ಕೂ ಮೊದಲು ಮನೆಯಲ್ಲಿಯೇ ಆಗಬೇಕಾದ ಕೆಲಸವೊಂದುಂಟು: ಮರಿಯು ಸಾಧುವಾಗಿ, ಕೈಗೆ ಒಗ್ಗಿ, ಮನುಷ್ಯರನ್ನು ಪ್ರೀತಿಸುವಂತೆ ಆಗಬೇಕು. ಇದರ ಹೊಣೆ ಕುದುರೆಯ ಚಾಕರಿಯ ಕಾಸ್ತಾರನದು. ಹಸಿವು, ಬಾಯಾರಿಕೆ, ನೊಣದ ಕಾಟ ಇವು ಒಂಟಿಯಾಗಿರುವಾಗ ಬರುತ್ತವೆ. ಮೇವು, ನೀರು, ನೋವಿನ ಪರಿಹಾರ ಇವು ಮನುಷ್ಯನಿಂದ ಬರುತ್ತವೆ: ಇಷ್ಟು ಮರಿಯ ಮನಸ್ಸಿಗೆ ಹತ್ತಿದರೆ ಅದು ಮನುಷ್ಯನನ್ನು ಪ್ರೀತಿಸುವುದು ಮಾತ್ರವೇ ಅಲ್ಲ, ಅವನಿಗಾಗಿ ಹಂಬಲಿಸತೊಡಗುತ್ತದೆ. ಮುಟ್ಟುವುದಕ್ಕೂ ಒಂದು ಕ್ರಮವನ್ನು ಅವನು ಹೇಳುತ್ತಾನೆ. ಕೂದಲು ದಟ್ಟವಾಗಿರುವ ಕಡೆಗಳಲ್ಲಿ, ನವೆಯಾದರೆ ಕುದುರೆಯು ತಾನೇ ಕೆರೆದುಕೊಳ್ಳಲಾರದ ಕಡೆಗಳಲ್ಲಿ, ತಡವಬೇಕು. ಅಲ್ಲಿಯೇ ಅದಕ್ಕೆ ಹೆಚ್ಚು ಹಿತ. ಆಮೇಲೆ ಸಂತೆಯ ಜನಜಂಗುಳಿಯ ನಡುವೆ ಅದನ್ನು ನಡೆಸಿಕೊಂಡು ಹೋಗಿ, ಬಗೆಬಗೆಯ ನೋಟಗಳಿಗೂ ಸದ್ದುಗಳಿಗೂ ಒಗ್ಗಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕುದುರೆಯು ಏನನ್ನಾದರೂ ಕಂಡು ಬೆದರಿ ನಿಂತರೆ ಏನು ಮಾಡತಕ್ಕದ್ದು? ಕ್ಸೆನೊಫೊನನ ಪುಸ್ತಕದಲ್ಲಿ ಅತ್ಯಂತ ಬೆಲೆಯುಳ್ಳ ಭಾಗವಿದು. ಹೊಡೆದು ಬಡಿದು ಅದನ್ನು ಆ ವಸ್ತುವಿನ ಹತ್ತಿರಕ್ಕೆ ತಳ್ಳುವವರು ಭಯವನ್ನು ಇಮ್ಮಡಿ ಮಾಡುತ್ತಾರೆಂದು ಅವನು ಎಚ್ಚರಿಸುತ್ತಾನೆ. ಹೇಗೆಂದರೆ, ಏಟು ಬಿದ್ದಾಗ ಆದ ನೋವಿಗೂ ತಾನು ಶಂಕಿಸುತ್ತಿರುವ ಆ ವಸ್ತುವೇ ಕಾರಣವೆಂದು ಕುದುರೆಯು ತಿಳಿದುಕೊಳ್ಳುತ್ತದೆ. ಆದುದರಿಂದ ಸವಾರನು ಆ ವಸ್ತುವನ್ನು ಮೊದಲು ತಾನೇ ಮುಟ್ಟಿ ತೋರಿಸಿ, ಕುದುರೆಯನ್ನು ಮೆಲ್ಲಗೆ ಅದರ ಬಳಿಗೆ ಕರೆದುಕೊಂಡು ಹೋಗಬೇಕು. ಕೋಪದಿಂದ ಕುದುರೆಯ ಹತ್ತಿರಕ್ಕೆ ಎಂದಿಗೂ ಹೋಗಕೂಡದು. ಕೋಪಕ್ಕೆ ಮುಂದಾಲೋಚನೆ ಇಲ್ಲದ್ದರಿಂದ ಆಮೇಲೆ ಪಶ್ಚಾತ್ತಾಪಪಡುವಂಥ ಕೆಲಸವನ್ನು ಅದು ಮಾಡಿಸುತ್ತದೆ. ಬಲಾತ್ಕಾರದಿಂದ ಮಾಡಿಸಿದ್ದನ್ನು ಕುದುರೆಯು ಅರಿತು ಮಾಡುವುದಿಲ್ಲ, ಅದರಲ್ಲಿ ಅಂದವೂ ಇರುವುದಿಲ್ಲ. ನರ್ತಕನನ್ನು ಚಾವಟಿಯಿಂದ ಹೊಡೆದು ಕುಣಿಸಿದರೆ ಅದು ನರ್ತನವಾದೀತೆ ಎಂಬುದು ಅವನ ವಾದ. ಇಂದು ಪ್ರಾಣಿಗಳ ಮನಶ್ಶಾಸ್ತ್ರವನ್ನು ಬಲ್ಲವರು ಈ ಮಾತುಗಳಲ್ಲಿ ತಿದ್ದಬೇಕಾದದ್ದು ಬಹಳ ಸ್ವಲ್ಪ.

ಕ್ಸೆನೊಫೊನನ ಕಾಲಕ್ಕೆ ಹೊಂದಿಕೊಂಡಂತೆಯೇ ಒಂದು ಪ್ರಸಿದ್ಧ ವೃತ್ತಾಂತವುಂಟು. ಥೆಸಲಿಯ ವರ್ತಕನೊಬ್ಬನು ಮ್ಯಾಸಿಡೋನಿಯದ ದೊರೆ ಫಿಲಿಪ್ಪನ ಬಳಿಗೆ 13 ಟ್ಯಾಲೆಂಟುಗಳ ಬೆಲೆ ಹೇಳಿ ಒಂದು ಕುದುರೆಯನ್ನು ತಂದನು. ಅದರ ಹೆಸರು ಬ್ಯುಸೆಫಲಸ್. ಅದು ಯಾರನ್ನೂ ಹತ್ತಿರಕ್ಕೆ ಸೇರಿಸದು, ಯಾರ ಕೂಗಿಗೂ ಬಗ್ಗದು. ದೊರೆಯು ಬೇಸತ್ತು ಅದನ್ನು ಒಯ್ಯಹೇಳಿದನು. ಆಗ ಅವನ ಮಗ ಅಲೆಕ್ಸಾಂಡರನು, ಅಳುಕಿನಿಂದಲೂ ಅರಿವಿಲ್ಲದೆಯೂ ಇಂಥ ಕುದುರೆಯನ್ನು ಕಳೆದುಕೊಳ್ಳುತ್ತಿದ್ದೀರೆಂದು ನುಡಿದು, ತಾನು ಸೋತರೆ ಅದರ ಬೆಲೆಯನ್ನು ತಾನೇ ತೆರುವೆನೆಂದು ಪಣತೊಟ್ಟನು. ಸುತ್ತಲಿದ್ದವರು ನಕ್ಕರು. ಆ ಹುಡುಗನು ಮಾಡಿದ್ದಾದರೂ ಏನು? ಕುದುರೆಯು ತನ್ನ ಮುಂದೆ ಕುಣಿಯುತ್ತಿದ್ದ ತನ್ನ ನೆರಳಿಗೇ ಬೆದರುತ್ತಿರುವುದನ್ನು ಅವನು ಗಮನಿಸಿದ್ದನು. ಲಗಾಮನ್ನು ಹಿಡಿದು ಅದನ್ನು ಸೂರ್ಯನ ಕಡೆಗೆ ತಿರುಗಿಸಿದನು. ನೆರಳು ಬೆನ್ನ ಹಿಂದಾಯಿತು. ಸ್ವಲ್ಪ ದೂರ ಅದರ ಮಗ್ಗುಲಲ್ಲಿಯೇ ಓಡುತ್ತ ಮೈದಡವಿದನು. ಮೇಲುಹೊದಿಕೆಯನ್ನು ಸದ್ದಿಲ್ಲದೆ ಕಳಚಿ ಕೆಳಗೆ ಬಿಟ್ಟನು. ಅನಂತರ ಹಗುರವಾಗಿ ನೆಗೆದು ಬೆನ್ನೇರಿದನು.

ಈ ಕಥೆಯನ್ನು ನಮಗೆ ಹೇಳಿದ ಪ್ಲೂಟಾರ್ಕನು ಅಲೆಕ್ಸಾಂಡರನಿಗಿಂತ ನಾನೂರು ವರ್ಷಗಳ ಈಚಿನವನು. ಮಹಾಪುರುಷರ ಬಾಲ್ಯಕ್ಕೆ ಕಥೆಗಳು ಅಂಟಿಕೊಳ್ಳುವುದು ಸಹಜವೇ. ಆದರೂ ಇದನ್ನು ಕಟ್ಟಿದವನು ಕುದುರೆಯನ್ನು ಬಲ್ಲವನೆಂಬುದರಲ್ಲಿ ಸಂದೇಹವಿಲ್ಲ. ಭಯದ ಕಾರಣವನ್ನು ಹುಡುಕುವುದು, ಅದನ್ನು ಕಣ್ಣಿನಿಂದ ಮರೆಮಾಡುವುದು, ಜೊತೆಯಲ್ಲಿ ನಡೆಯುವುದು, ಮುಟ್ಟುವುದು, ಹಾರಾಡುವ ಬಟ್ಟೆಯನ್ನು ತೆಗೆದಿಡುವುದು, ಕೊನೆಯಲ್ಲಿ ಏರುವುದು: ಇದು ನೆಲದ ಪಾಠದ ಸರಿಯಾದ ಕ್ರಮ. ಜನರು ನೆನಪಿಟ್ಟುಕೊಂಡಿರುವುದು ಕೊನೆಯ ನೆಗೆತವನ್ನು. ಕೆಲಸವೆಲ್ಲ ಮುಗಿದುದು ಅದಕ್ಕೂ ಮೊದಲೇ. ಆ ಕುದುರೆಯು ಅಲೆಕ್ಸಾಂಡರನೊಡನೆ ನಮ್ಮ ದೇಶದವರೆಗೂ ಬಂದಿತು. ಕ್ರಿ. ಪೂ. 326ರಲ್ಲಿ ಪುರೂರವನೊಡನೆ ಝೇಲಂ ನದಿಯ ದಡದಲ್ಲಿ ನಡೆದ ಕಾಳಗದ ಸಮಯದಲ್ಲಿ ಅದು ಸತ್ತಿತು. ಅದರ ನೆನಪಿಗಾಗಿ ಅಲ್ಲಿ ಬ್ಯುಸೆಫಲ ಎಂಬ ಪಟ್ಟಣವನ್ನು ಕಟ್ಟಿಸಿದರು.

ನಮ್ಮ ದೇಶದವರು ಈ ವಿದ್ಯೆಗೆ ಇಟ್ಟ ಹೆಸರು ಬಲು ಅರ್ಥವತ್ತಾದದ್ದು. ಮಹಾಭಾರತದ ನಳೋಪಾಖ್ಯಾನದಲ್ಲಿ ಅದನ್ನು ಅಶ್ವಹೃದಯವೆಂದು ಕರೆದಿದೆ. ಬಾಹುಕನೆಂಬ ಹೆಸರಿನಿಂದ ಋತುಪರ್ಣ ರಾಜನಲ್ಲಿ ಸೇವೆಗೆ ನಿಂತ ನಳನು, ವಿದರ್ಭಕ್ಕೆ ಹೊರಡುವ ದಿನ ನೋಟಕ್ಕೆ ಬಡಕಲಾದ ಕುದುರೆಗಳನ್ನು ಆರಿಸಿ ತಂದನು. ದೊರೆಯು ರಥವನ್ನೇರುತ್ತಲೇ ಅವು ಮೊಣಕಾಲೂರಿ ನೆಲಕ್ಕೆ ಕುಸಿದವು. ನಳನು ಚಾವಟಿಯನ್ನು ಎತ್ತಲಿಲ್ಲ. ಅವುಗಳನ್ನು ಸಂತೈಸಿ, ಬಳಿಕ ಸಾರಥ್ಯಕ್ಕೆ ಕುಳಿತನು. ಆಮೇಲೆ ಆ ಕುದುರೆಗಳು ಹಾರಿದಂತೆ ಓಡಿದುದನ್ನು ಎಲ್ಲರೂ ಬಲ್ಲೆವು. ರಥವು ಕುಂಡಿನಪುರವನ್ನು ಸೇರಿದಾಗ ಮತ್ತೊಂದು ಸಂಗತಿ ನಡೆಯಿತು. ಅಲ್ಲಿಯ ಲಾಯದಲ್ಲಿ ನಳನ ಹಳೆಯ ಕುದುರೆಗಳಿದ್ದವು. ವೇಷ ಬೇರೆ, ರೂಪ ಬೇರೆ. ಆದರೂ ಆ ರಥದ ಸದ್ದನ್ನು ಕೇಳಿದೊಡನೆಯೇ ಅವು ಹಿಂದೆ ನಳನ ಸನ್ನಿಧಿಯಲ್ಲಿ ಹೇಗೋ ಹಾಗೆ ಹಿಗ್ಗಿದವು. ಈ ಪ್ರಸಂಗವನ್ನು ಬರೆದ ಕವಿಯು ಲಾಯದಲ್ಲಿ ಬಹಳ ಹೊತ್ತು ನಿಂತು ನೋಡಿದವನಾಗಿರಬೇಕು. ಋತುಪರ್ಣನು ತನ್ನ ಅಕ್ಷಹೃದಯವನ್ನು ಕೊಟ್ಟು ನಳನಿಂದ ಅಶ್ವಹೃದಯವನ್ನು ಪಡೆದನೆಂಬ ಮಾತೂ ಗಮನಿಸತಕ್ಕುದು: ರಾಜ್ಯವನ್ನು ಮರಳಿ ಗೆಲ್ಲಿಸುವ ವಿದ್ಯೆಯೊಂದಕ್ಕೆ ಸರಿತೂಗುವ ಬೆಲೆ ಇದಕ್ಕಿತ್ತು.

ಕಾವ್ಯದಿಂದ ಆಡಳಿತಕ್ಕೆ ಬರೋಣ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ದೊರೆತು, ಶಾಮಾಶಾಸ್ತ್ರಿಗಳಿಂದ 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವೇ ಇದೆ. ಕುದುರೆಗಳಿಗೆ ದಿನಕ್ಕೆ ಎರಡು ಸಲ ಸ್ನಾನ, ಗಂಧ, ಮಾಲೆ; ಮರಿಹಾಕಿದ ಹೆಣ್ಣುಕುದುರೆಗೆ ಮೂರು ರಾತ್ರಿ ತುಪ್ಪ; ಇಂಥ ನಿಯಮಗಳು ಅಲ್ಲಿ ಕಾಣುತ್ತವೆ. ಲಾಯದ ವರ್ಣನೆಯಲ್ಲಿ ಒಂದು ವಿಚಿತ್ರವಾದ ಏರ್ಪಾಡೂ ಇದೆ: ಅಲ್ಲಿ ಕೋತಿ, ನವಿಲು, ಚುಕ್ಕೆಯ ಜಿಂಕೆ, ಮುಂಗುಸಿ, ಚಕೋರ, ಗಿಳಿ, ಮೈನಾ ಇವುಗಳನ್ನೂ ಇಡಬೇಕಂತೆ. ಹಾವು ಹುಳುಗಳ ಸುಳಿವನ್ನು ತಿಳಿಯುವುದಕ್ಕೆ ಇದು ಉಪಯೋಗವಾಗುತ್ತಿತ್ತೆಂದು ಊಹಿಸಬಹುದು. ಅದರೊಡನೆ ಇನ್ನೊಂದು ಲಾಭವೂ ಆಗಿರಲೇಬೇಕು: ಹುಟ್ಟಿದಂದಿನಿಂದ ಬಗೆಬಗೆಯ ಕೂಗನ್ನೂ ಚಲನವಲನವನ್ನೂ ಕಂಡು ಬೆಳೆದ ಕುದುರೆಯು ದಂಡಿನಲ್ಲಿ ಸಣ್ಣ ಸದ್ದಿಗೆ ಬೆದರಲಾರದು.

ಕನ್ನಡನಾಡಿನಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣ, ಅವುಗಳನ್ನು ಸಜ್ಜುಗೊಳಿಸುವ ಬಗೆ, ಸವಾರರು ಬಯಲಿನಲ್ಲಿ ಚೆಂಡಾಡುವ ವಾಜಿವಾಹ್ಯಾಳಿ ಎಂಬ ವಿನೋದ ಇವುಗಳನ್ನು ವಿಸ್ತಾರವಾಗಿ ಹೇಳಿದೆ. ವಿಜಯನಗರದ ಕಾಲಕ್ಕೆ ಅಭಿನವಚಂದ್ರನ ಅಶ್ವವೈದ್ಯವೆಂಬ ಕನ್ನಡ ಗ್ರಂಥವೇ ಹುಟ್ಟಿತು. ಆದರೆ ನಮ್ಮ ದಕ್ಷಿಣ ದೇಶಕ್ಕೆ ಒಂದು ಕೊರತೆಯಿತ್ತು. ಇಲ್ಲಿಯ ಹವೆಯಲ್ಲಿ ಯುದ್ಧಯೋಗ್ಯವಾದ ಕುದುರೆಗಳು ಸಾಕಷ್ಟು ಬೆಳೆಯಲಿಲ್ಲ. ಅರಬಸ್ಥಾನ ಪಾರಸೀಕಗಳಿಂದ ಹಡಗಿನಲ್ಲಿ ತರಿಸಬೇಕಾಯಿತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯದೇಶವನ್ನು ಕಂಡ ಮಾರ್ಕೊ ಪೋಲೋ, ಅಲ್ಲಿಗೆ ಬಂದ ಕುದುರೆಗಳು ಸರಿಯಾದ ಆರೈಕೆಯನ್ನು ಅರಿಯದವರ ಕೈಯಲ್ಲಿ ಬೇಗ ಸಾಯುತ್ತಿದ್ದವೆಂದು ಬರೆದಿದ್ದಾನೆ. ವಿಜಯನಗರದ ದೊರೆಯು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ತುಗೀಸ ವರ್ತಕ ನೂನಿಜನ ಲೆಕ್ಕ. ಕಡಲಿನ ಮೇಲೆ ವಾರಗಟ್ಟಲೆ ತೂಗಾಡಿ, ಗುರುತಿಲ್ಲದ ನೆಲದಲ್ಲಿ ಇಳಿದು, ಕೇಳದ ಭಾಷೆಯನ್ನು ಕೇಳುತ್ತ ನಿಂತ ಆ ಪ್ರಾಣಿಗಳ ಭಯವನ್ನು ನಾವು ಊಹಿಸಿಕೊಳ್ಳಬಹುದು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಆನೆ, ಕಾಲಾಳು, ನರ್ತಕಿಯರೊಡನೆ ಕುದುರೆಗಳ ಸಾಲೂ ಇದೆ. ಅಲ್ಲಿ ಕುದುರೆಯನ್ನು ಏರಿದವರು ಮಾತ್ರವಲ್ಲ, ಅದರ ಮುಂದೆ ನೆಲದ ಮೇಲೆ ಹಿಡಿದು ನಡೆಸುವವರೂ ಕಾಣುತ್ತಾರೆ. ಪೀಠದ ಮೇಲೆ ಹೆಸರಿಲ್ಲದ ಜನಕ್ಕೆ ನಮ್ಮ ಶಿಲ್ಪಿಗಳು ಗೋಡೆಯ ಮೇಲಾದರೂ ಜಾಗ ಕೊಟ್ಟರು.

ಇತ್ತ ಯೂರೋಪಿನಲ್ಲಿ ಕ್ಸೆನೊಫೊನನ ಉಪದೇಶವು ಬಹುಮಟ್ಟಿಗೆ ಮರೆತುಹೋಗಿತ್ತು. 1550ರಲ್ಲಿ ನೇಪಲ್ಸಿನ ಗ್ರಿಸೋನೆ ಎಂಬಾತನು ಪ್ರಕಟಿಸಿದ ಗ್ರಂಥವು ಯೂರೋಪಿನ ಆಸ್ಥಾನಗಳಲ್ಲೆಲ್ಲ ಪ್ರಮಾಣವಾಯಿತು. ಅದರಲ್ಲಿ ಒಳ್ಳೆಯ ಮಾತುಗಳಿಲ್ಲದೆ ಇಲ್ಲ. ಆದರೆ ಹಟಮಾರಿ ಕುದುರೆಗೆ ಅವನು ಹೇಳುವ ಮದ್ದುಗಳಲ್ಲಿ ಕೋಲಿಗೆ ಕಟ್ಟಿದ ಜೀವಂತ ಬೆಕ್ಕನ್ನು ಅದರ ಕಾಲುಗಳ ನಡುವೆ ಹಿಡಿಯುವುದೂ ಒಂದು. ಬೆದರಿದ ಪ್ರಾಣಿಯನ್ನು ಇನ್ನೂ ಬೆದರಿಸಿ ದಾರಿಗೆ ತರುವುದೆಂಬ ಈ ನಂಬಿಕೆಯು ಆ ಕಾಲದ ಪಾಠಶಾಲೆಗಳಲ್ಲಿಯೂ ಸೆರೆಮನೆಗಳಲ್ಲಿಯೂ ಇದ್ದ ನಂಬಿಕೆಯೇ.

ಇದನ್ನು ತಿದ್ದಿದವರಲ್ಲಿ ಫ್ರಾನ್ಸಿನ ಪ್ಲುವಿನೆಲನು ಮುಖ್ಯನು. ಅವನು ನೇಪಲ್ಸಿನಲ್ಲಿಯೇ ಕಲಿತವನು. ದೊರೆ ಹದಿಮೂರನೆಯ ಲೂಯಿಗೆ ಅಶ್ವವಿದ್ಯೆಯ ಗುರು. 1620ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪುಸ್ತಕವು ಗುರು ಮತ್ತು ದೊರೆಗಳ ಸಂವಾದರೂಪದಲ್ಲಿ ಪ್ರಕಟವಾಯಿತು. ಏಟಿನಲ್ಲಿ ಜಿಪುಣತನವನ್ನೂ ಮೈದಡವುವುದರಲ್ಲಿ ಧಾರಾಳವನ್ನೂ ಅವನು ಬೋಧಿಸಿದನು. ಮರಿಗುದುರೆಯ ಚೆಲುವು ಹೂವಿನ ಪರಿಮಳದಂತೆ, ಒಮ್ಮೆ ಹೋದರೆ ಬಾರದೆಂಬುದು ಅವನ ಎಚ್ಚರಿಕೆ. ಕಂಬದ ಸುತ್ತಲೂ ಎರಡು ಕಂಬಗಳ ನಡುವೆಯೂ ಸವಾರನಿಲ್ಲದೆಯೇ ಕುದುರೆಗೆ ಪಾಠ ಹೇಳುವ ಪದ್ಧತಿಯನ್ನು ಅವನು ಬಳಕೆಗೆ ತಂದನು. ಮುಂದಿನ ಶತಮಾನದಲ್ಲಿ ಗೆರಿನಿಯೇರನು ಇದನ್ನು ಇನ್ನೂ ಮೃದುವಾಗಿಯೂ ಶಾಸ್ತ್ರೀಯವಾಗಿಯೂ ಮಾಡಿದನು. ವಿಯೆನ್ನಾ ನಗರದಲ್ಲಿ 1735ರಲ್ಲಿ ಪೂರ್ತಿಯಾದ ಸವಾರಿಯ ಸಭಾಂಗಣದಲ್ಲಿ ಆ ಸಂಪ್ರದಾಯವು ಇಂದಿಗೂ ಉಳಿದಿದೆ. ಅಲ್ಲಿ ಎಳೆಯ ಗಂಡುಕುದುರೆಯ ಮೊದಲ ಪಾಠ ಸವಾರನ ಕೆಳಗಲ್ಲ. ಉದ್ದನೆಯ ಹಗ್ಗದ ತುದಿಯಲ್ಲಿ, ನೆಲದ ಮೇಲೆ ನಿಂತ ಗುರುವಿನ ಸುತ್ತ.

ಆದರೆ ಇವೆಲ್ಲ ಅರಮನೆಗಳ ಮಾತು. ಸಾಮಾನ್ಯರ ಲಾಯಗಳಿಗೆ ಈ ವಿಚಾರವನ್ನು ಗದ್ದಲದೊಡನೆ ತಂದವನು ಅಮೆರಿಕದ ಒಹಾಯೊ ಸೀಮೆಯ ರೈತರ ಮಗ ಜಾನ್ ರೇರಿ. ಅವನು ಇಂಗ್ಲೆಂಡಿಗೆ ಬಂದು 1858ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ತನ್ನ ವಿದ್ಯೆಯನ್ನು ಪ್ರದರ್ಶಿಸಿದನು. ಅದೇ ವರ್ಷ ಅವನಿಗೆ ಕ್ರೂಸರ್ ಎಂಬ ಗಂಡುಕುದುರೆಯ ಪಂಥ ಎದುರಾಯಿತು. ಜನರನ್ನು ಕಚ್ಚಿ ತುಳಿಯಲು ಬರುತ್ತಿದ್ದ ಆ ಕುದುರೆಯ ಮುಖಕ್ಕೆ ಕಬ್ಬಿಣದ ಕುಕ್ಕೆಯನ್ನು ಬಿಗಿದು ಕತ್ತಲೆಯ ಲಾಯದಲ್ಲಿ ಕೂಡಿಟ್ಟಿದ್ದರು. ರೇರಿಯು ಕೆಲವೇ ಗಂಟೆಗಳಲ್ಲಿ ಅದನ್ನು ಸಾಧುವನ್ನಾಗಿ ಮಾಡಿ ಲಂಡನ್ನಿಗೆ ಕರೆತಂದಾಗ ಊರೆಲ್ಲ ಅದೇ ಮಾತಾಯಿತು. ತಲೆಗೆ ಹತ್ತು ಗಿನಿಗಳಂತೆ ಹಣ ಕೊಟ್ಟು, ಗುಟ್ಟನ್ನು ಹೊರಗೆಡಹುವುದಿಲ್ಲವೆಂದು ಮಾತು ಕೊಟ್ಟು, ನೂರಾರು ಮಂದಿ ಗಣ್ಯರು ಅವನ ಶಿಷ್ಯರಾದರು. ಅವನು ಮೊದಲೇ ಅಮೆರಿಕದಲ್ಲಿ ಅಚ್ಚುಮಾಡಿಸಿದ್ದ ಪುಟ್ಟ ಪುಸ್ತಕವನ್ನು ಲಂಡನ್ನಿನ ಪ್ರಕಾಶಕರು ಮತ್ತೆ ಅಚ್ಚುಮಾಡಿದಾಗ ಆ ಗುಟ್ಟು ಬಯಲಾಯಿತು.

ಆ ಗುಟ್ಟಿನಲ್ಲಿ ಎರಡು ಭಾಗಗಳಿದ್ದವು. ಒಂದನೆಯದು ಕ್ಸೆನೊಫೊನನದೇ: ಕುದುರೆಯು ಹೆದರುವ ವಸ್ತುವನ್ನು ಅದರ ಮೂಗಿನ ಬಳಿ ತಂದು, ಮೂಸಿ ಮುಟ್ಟಿ ತಾನೇ ಪರೀಕ್ಷಿಸಲು ಸಾವಕಾಶ ಕೊಡುವುದು, ಮೆಲುದನಿಯಲ್ಲಿ ಮಾತನಾಡುವುದು, ಮೈಯೆಲ್ಲವನ್ನೂ ಕೈಯಿಂದ ತಡವುವುದು. ಎರಡನೆಯದು ಅವನದೇ ಉಪಾಯ: ಕುದುರೆಯ ಒಂದು ಮುಂಗಾಲನ್ನು ಮಡಿಸಿ ಪಟ್ಟಿಯಿಂದ ಕಟ್ಟಿ, ಇನ್ನೊಂದಕ್ಕೂ ಪಟ್ಟಿ ಹಾಕಿ ಸೆಳೆದು, ಅದು ಹೆಣಗಿ ಹೆಣಗಿ ದಣಿದು ತಾನಾಗಿ ನೆಲಕ್ಕೆ ಒರಗುವವರೆಗೂ ಕಾಯುವುದು, ಒರಗಿದ ಮೇಲೆ ನೋಯಿಸದೆ ಉಪಚರಿಸುವುದು. ಚಾವಟಿಯಿಲ್ಲ, ಕೂಗಾಟವಿಲ್ಲ, ಆ ಕಾಲದ ಕ್ರೌರ್ಯದ ಎದುರಿಗೆ ಇದು ದೊಡ್ಡ ಸುಧಾರಣೆಯೇ ಸರಿ. ಆದರೂ ಇಂದು ನಾವು ಒಂದು ಪ್ರಶ್ನೆಯನ್ನು ಕೇಳದೆ ಇರಲಾಗುವುದಿಲ್ಲ. ನೆಲಕ್ಕೊರಗಿದ ಆ ಕುದುರೆಯು ನಂಬಿತೋ, ಅಥವಾ ಆಸೆಯನ್ನು ಬಿಟ್ಟಿತೋ? ಓಡುವುದೊಂದೇ ರಕ್ಷೆಯಾದ ಪ್ರಾಣಿಗೆ ಓಟವೇ ಅಸಾಧ್ಯವೆಂದು ತೋರಿಸಿಕೊಟ್ಟರೆ ಅದು ಸುಮ್ಮನಾಗುತ್ತದೆ. ಹೊರಗಿನಿಂದ ನೋಡುವವನಿಗೆ ಆ ಮೌನವೂ ಶಾಂತಿಯ ಹಾಗೆಯೇ ಕಾಣುತ್ತದೆ. ಶರಣಾಗತಿಗೂ ವಿಶ್ವಾಸಕ್ಕೂ ಇರುವ ಈ ಅಂತರವೇ ನಮ್ಮ ಈ ವಿಷಯದ ತಿರುಳು. ರೇರಿಯ ಪಕ್ಷದಲ್ಲಿ ಒಂದು ಮಾತನ್ನು ಹೇಳಬೇಕು: ಅವನು ಕ್ರೂಸರನ್ನು ಪ್ರದರ್ಶನವಾದೊಡನೆ ಕೈಬಿಡಲಿಲ್ಲ, ತನ್ನೊಡನೆ ಅಮೆರಿಕಕ್ಕೆ ಕೊಂಡೊಯ್ದು ಸಾಕಿದನು. 1866ರಲ್ಲಿ ರೇರಿಯು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಕುದುರೆಯು ಅವನ ಅನಂತರವೂ ಬದುಕಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಶಾಸ್ತ್ರಜ್ಞರೂ ಈ ಕ್ಷೇತ್ರಕ್ಕೆ ಇಳಿದರು. 1904ರಲ್ಲಿ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆಯು ಗೊರಸಿನಿಂದ ನೆಲವನ್ನು ಬಡಿದು ಲೆಕ್ಕಗಳಿಗೆ ಉತ್ತರ ಹೇಳುತ್ತದೆಂದು ದೊಡ್ಡ ಸುದ್ದಿಯಾಯಿತು. ಪ್ಫುಂಗ್‌ಸ್ಟ್ ಎಂಬ ಶಾಸ್ತ್ರಜ್ಞನು ಪರೀಕ್ಷಿಸಿ 1907ರಲ್ಲಿ ಅದರ ಮರ್ಮವನ್ನು ಪ್ರಕಟಿಸಿದನು. ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವನ ತಲೆಯು ತನಗೇ ಅರಿವಿಲ್ಲದಂತೆ ಕೂದಲೆಳೆಯಷ್ಟು ಅಲುಗುವುದನ್ನು ಅದು ಕಂಡುಹಿಡಿಯುತ್ತಿತ್ತು. ಜನರು ಕುದುರೆಯ ಬುದ್ಧಿ ಸುಳ್ಳಾಯಿತೆಂದು ನಕ್ಕರು. ನಿಜವಾಗಿ ಅದಕ್ಕಿಂತ ದೊಡ್ಡ ಸಂಗತಿಯೊಂದು ಆ ದಿನ ಸಿದ್ಧವಾಗಿತ್ತು: ಮನುಷ್ಯನು ತನ್ನ ಮೈಯಲ್ಲಿ ಬಚ್ಚಿಡಲಾರದ್ದನ್ನು ಕುದುರೆಯು ಓದಬಲ್ಲುದು. ಒಳಗೆ ಭಯವನ್ನೋ ಕೋಪವನ್ನೋ ಇಟ್ಟುಕೊಂಡು ಹೊರಗೆ ಮೆಲುದನಿಯನ್ನು ತೋರಿಸುವವನ ಕೈಯಲ್ಲಿ ಬೆದರುವ ಕುದುರೆಯು ಏಕೆ ನಿಲ್ಲುವುದಿಲ್ಲವೆಂಬುದಕ್ಕೆ ಇದೇ ಉತ್ತರ.

ಇನ್ನೊಂದು ಸಂಶೋಧನೆ 1993ರದು. ಕುದುರೆಗಳು ಒಂದರ ಮೈಯನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆಯುವುದನ್ನು ಲಾಯದವರೆಲ್ಲ ಬಲ್ಲರು. ಅವು ಹೆಚ್ಚಾಗಿ ಆರಿಸಿಕೊಳ್ಳುವ ಜಾಗ ಕತ್ತಿನ ಬುಡದಲ್ಲಿ, ಹೆಗಲಿನ ದಿಣ್ಣೆಯ ಬಳಿ. ಅಲ್ಲಿ ಮನುಷ್ಯನು ಕೈಯಿಂದ ಕೆರೆದರೂ ಕುದುರೆಯ ಹೃದಯದ ಬಡಿತವು ಇಳಿಯುತ್ತದೆಂದೂ, ಬೇರೆಡೆ ಕೆರೆದರೆ ಹಾಗಾಗುವುದಿಲ್ಲವೆಂದೂ ಫ್ರಾನ್ಸಿನಲ್ಲಿ ಅಳೆದು ನೋಡಿದರು. ಕೂದಲು ದಟ್ಟವಾಗಿರುವಲ್ಲಿ, ಕುದುರೆಯು ತಾನೇ ಕೆರೆದುಕೊಳ್ಳಲಾರದಲ್ಲಿ ತಡವೆಂದು ಕ್ಸೆನೊಫೊನನು ಹೇಳಿದುದು ಎರಡು ಸಾವಿರದ ಮುನ್ನೂರು ವರ್ಷಗಳ ಮೇಲೆ ಹೀಗೆ ಅಂಕಿಗಳಿಂದ ಸಮರ್ಥಿತವಾಯಿತು. ಅಶ್ವಹೃದಯವೆಂಬ ನಮ್ಮ ಶಬ್ದಕ್ಕೆ ವಾಚ್ಯಾರ್ಥವೂ ಒದಗಿತು.

ಅಮೆರಿಕದ ಪಶ್ಚಿಮದ ದನಗಾಹಿಗಳಲ್ಲಿ ಟಾಮ್ ಡೊರಾನ್ಸ್, ರೇ ಹಂಟ್ ಮೊದಲಾದವರು ಇದೇ ಶತಮಾನದಲ್ಲಿ ಹಳೆಯ ಬಲಾತ್ಕಾರವನ್ನು ಬಿಟ್ಟು ನೆಲದ ಪಾಠವನ್ನು ಒಂದು ಪದ್ಧತಿಯಾಗಿ ಬೆಳೆಸಿದರು. ಅದರ ತತ್ತ್ವವನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ಕಾಣದ ಕಡೆಯಿಂದ ಬಾರದೆ ಹೆಗಲಿನ ಕಡೆಯಿಂದ, ನೆಟ್ಟನೋಟವಿಲ್ಲದೆ, ಅವಸರವಿಲ್ಲದೆ ಬರಬೇಕು. ಕುದುರೆಯು ತಲೆಯೆತ್ತಿ ಉಸಿರು ಬಿಗಿಹಿಡಿದರೆ ಅಲ್ಲಿಯೇ ನಿಲ್ಲಬೇಕು. ಕಿವಿಯನ್ನು ಇತ್ತ ತಿರುಗಿಸಿ ತಲೆ ತಗ್ಗಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಹಗ್ಗವನ್ನು ಎಳೆದು ಕೇಳಿದ್ದನ್ನು ಕುದುರೆಯು ಕೊಡಲು ಮನಸ್ಸು ಮಾಡಿದ ಕ್ಷಣದಲ್ಲಿಯೇ ಹಗ್ಗವನ್ನು ಸಡಿಲಿಸಬೇಕು. ಕಲಿಸುವುದು ಎಳೆತವಲ್ಲ, ಸಡಿಲ. ತಡವಾಗಿ ಸಡಿಲಿಸಿದವನು ಸರಿಯಾದ ಉತ್ತರಕ್ಕೂ ಶಿಕ್ಷೆ ಕೊಟ್ಟಂತಾಗುತ್ತದೆ. ಭಯಪಡಿಸುವ ವಸ್ತುವನ್ನು ದೂರದಿಂದ ತೋರಿಸಿ, ತಾಳುವಷ್ಟೇ ತಂದು, ತಾಳಲಾರದೆ ಹೋಗುವ ಮುನ್ನವೇ ತೆಗೆಯಬೇಕು. ಹೀಗೆ ದಿನದಿನವೂ ಸ್ವಲ್ಪಸ್ವಲ್ಪವಾಗಿ ನಡೆಯಬೇಕು. ಒಂದು ದಿನದ ಕೋಪವು ಒಂದು ತಿಂಗಳ ಸಂಪಾದನೆಯನ್ನು ಕಳೆದುಬಿಡುತ್ತದೆ.

ಇದರ ಬೆಲೆ ಗೊತ್ತಾಗುವುದು ಪರೀಕ್ಷೆಯ ದಿನ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮುಂದೆ ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ ದಳಗಳು ಫಿರಂಗಿ ಮತ್ತು ಯಂತ್ರಬಂದೂಕುಗಳ ಎದುರಿಗೆ ನಿಂತವು. ಜೋಧಪುರದವರು ಕಣಿವೆಯಲ್ಲಿ ಏರಿಹೋದರು, ಮೈಸೂರಿನವರಿಗೆ ಕಾರ್ಮೆಲ್
ಬೆಟ್ಟದ ಕಲ್ಲುಬಂಡೆಗಳ ಇಳಿಜಾರಿನ ಪಾಲು ಬಂದಿತು. ಆ ದಿನವೇ ಪಟ್ಟಣವು ವಶವಾಯಿತು. ಮೈಸೂರು, ಜೋಧಪುರ, ಹೈದರಾಬಾದು ಈ ಮೂರು ದಳಗಳ ನೆನಪಿಗೆ ದೆಹಲಿಯಲ್ಲಿ ಮೂರು ಪ್ರತಿಮೆಗಳಿವೆ. ಮೂವರೂ ನೆಲದ ಮೇಲೆಯೇ ನಿಂತಿದ್ದಾರೆಂಬುದನ್ನು ನೋಡಿದವರು ಬಲ್ಲರು. ಗುಂಡುಗಳು ಹಾರುವಾಗ ಓಡಿಹೋಗುವುದು ಕುದುರೆಯ ಹುಟ್ಟುಗುಣ. ಆ ಗುಣವನ್ನು ಮೀರಿ ಅವು ಬೆಂಕಿಯ ಕಡೆಗೆ ನಡೆದುವೆಂದರೆ, ಅದರ ಹಿಂದೆ ಲಾಯಗಳಲ್ಲಿ ಬೆಳಗಿನ ಜಾವ ಕಳೆದ ಎಷ್ಟೋ ದಿನಗಳ ದುಡಿಮೆಯಿತ್ತು. ಆ ನಂಬಿಕೆಯನ್ನು ನಾವು ಯಾವ ಕೆಲಸಕ್ಕೆ ಬಳಸಿಕೊಂಡೆವೆಂಬ ಯೋಚನೆಯೂ ಇಲ್ಲಿ ಬಾರದಿರದು. ಯುದ್ಧದ ಕಾರಣವನ್ನು ಸವಾರನಾದರೂ ಕೇಳಿ ತಿಳಿದಿದ್ದನು. ಕುದುರೆಯು ತಿಳಿದಿದ್ದುದು ತನ್ನ ಮನುಷ್ಯನನ್ನು ಮಾತ್ರ. ನಂಬಿಕೆಯನ್ನು ಗಳಿಸುವುದು ಒಂದು ವಿದ್ಯೆಯಾದರೆ, ಗಳಿಸಿದ ನಂಬಿಕೆಗೆ ತಕ್ಕವರಾಗಿರುವುದು ಅದಕ್ಕಿಂತ ಹಿರಿದಾದ ಹೊಣೆ.

ಅದೃಷ್ಟವಶಾತ್ ಕುದುರೆಗಳ ಯುದ್ಧಕಾಲವು ಮುಗಿಯಿತು. ಆದರೆ ನೆಲದ ಪಾಠವು ನಮ್ಮ ಕಣ್ಣೆದುರಿಗೇ ಪ್ರತಿವರ್ಷವೂ ನಡೆಯುತ್ತಿದೆ. ಮೈಸೂರಿನ ದಸರಾ ಮೆರವಣಿಗೆಗೆ ಮುನ್ನ, ಕುಶಾಲತೋಪುಗಳ ಸದ್ದಿಗೆ ಅಂಜದಿರಲೆಂದು ಆನೆಗಳಿಗೂ ಅಶ್ವಾರೋಹಿ ಪೊಲೀಸರ ಕುದುರೆಗಳಿಗೂ ತಾಲೀಮು ಕೊಡುತ್ತಾರೆ. ತೋಪು ಹಾರಿದಾಗ ಹೊಸ ಪ್ರಾಣಿಗಳು ಬೆದರುತ್ತವೆ, ಹಳೆಯವು ನಿಲ್ಲುತ್ತವೆ. ಮತ್ತೆ ಬೇರೊಂದು ದಿನ ಅದೇ ಪಾಠ. ವಿಜಯದಶಮಿಯ ದಿನ ಇಪ್ಪತ್ತೊಂದು ತೋಪುಗಳು ಹಾರಿದಾಗ ನಮ್ಮ ಕಣ್ಣೆಲ್ಲ ಅಂಬಾರಿಯ ಮೇಲಿರುತ್ತದೆ; ಹಾಗಿರುವುದೇ ಸರಿ. ಆದರೆ ಒಂದು ಗಳಿಗೆಯಾದರೂ ಕೆಳಗೆ ನೋಡಬಹುದು. ಕುದುರೆಯ ಮಗ್ಗುಲಲ್ಲಿ, ಹಗ್ಗವನ್ನು ಸಡಿಲವಾಗಿ ಹಿಡಿದು, ಕತ್ತಿನ ಬುಡದಲ್ಲಿ ಕೈಯಿಟ್ಟು, ಏನನ್ನೋ ಮೆಲ್ಲಗೆ ಹೇಳುತ್ತ ನಿಂತ ಮನುಷ್ಯನೊಬ್ಬನಿರುತ್ತಾನೆ. ಕ್ಸೆನೊಫೊನನು ಬರೆದದ್ದನ್ನು ಅವನು ಓದಿರಲಾರನು, ನಳನ ಅಶ್ವಹೃದಯವನ್ನು ಯಾರಿಂದಲೂ ಉಪದೇಶ ಪಡೆದಿರಲಾರನು. ಆದರೂ ಆ ವಿದ್ಯೆಯು ಇಂದು ಅವನ ಕೈಯಲ್ಲಿದೆ.